ಒಂಬತ್ತು ಪೈಪು, ಹತ್ತು ಮೂತಿ

ಮಾರ್ಚ್ ೪, ಭಾನುವಾರ

ಮುದ್ದಿನ ಮಗಳಿಗೆ,

ಅಪ್ಪನ ಆಶೀರ್ವಾದಗಳು. ನಾವಿಬ್ಬರೂ ಕ್ಷೇಮ, ನಿನ್ನ ಅಮ್ಮನ ಬಾಯಿಯಂತೂ ಅತಿ ಕ್ಷೇಮ. ನಿನ್ನ ಕಾಗದ ಬಂದು ಮೂರು ವಾರವಾಯಿತು. ಉತ್ತರ ತಡವಾದದ್ದಕ್ಕೆ ಬೈಯಬೇಡ. ಕೈತುಂಬ ಗ್ರೀಸು ಮೆತ್ತಿಕೊಂಡವನು ಪೆನ್ನು ಹಿಡಿದರೆ ಕಾಗದದ ಮೇಲೆ ಅಕ್ಷರಕ್ಕಿಂತ ಹೆಬ್ಬೆಟ್ಟಿನ ಗುರುತೇ ಹೆಚ್ಚಾಗುತ್ತದೆ.

ಗ್ರೀಸು ಯಾಕೆ ಅಂದೆಯಾ? ನಮ್ಮ ಹಳೇ ಕಾರನ್ನು ಬಿಚ್ಚಿದ್ದೇನೆ. ಹನ್ನೊಂದು ವರ್ಷದಿಂದ ಷೆಡ್ಡಿನಲ್ಲಿ ಧೂಳು ತಿನ್ನುತ್ತ ಕೂತಿತ್ತಲ್ಲ, ಅದೇ. ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ನರ್ಸಿನ ಕೆಲಸ ಕೊಡುತ್ತೇವೆ, ಆದರೆ ಕಾರು ಓಡಿಸಲು ಬರಬೇಕು ಎಂದು ನಿನ್ನ ಆಸ್ಪತ್ರೆಯವರು ಹೇಳಿದ್ದನ್ನು ನೀನು ಬರೆದಿದ್ದೆ. ಕೆಳಗೆ ಒಂದು ಸಾಲು: "ನನ್ನ ಕೈಗೆ ಕಾರು ಒಗ್ಗಲ್ಲ ಅಪ್ಪಾ, ಮಾರ್ಚ್ ಹದಿನೈದನೇ ತಾರೀಖಿನೊಳಗೆ ಬೇಡ ಅಂತ ಹೇಳಿಬಿಡ್ತೀನಿ." ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಲೈಸೆನ್ಸಿನ ಪರೀಕ್ಷೆಯ ದಿನ ಪಕ್ಕದಲ್ಲಿ ಇನ್ಸ್‌ಪೆಕ್ಟರು ಕೂತಿರುವಾಗಲೇ ಇದೇ ಕಾರು ಮೂರು ಸಲ ನಿಂತುಹೋದದ್ದು, ನೀನು ಫೇಲಾದದ್ದು, ಆಮೇಲೆ ಒಮ್ಮೆಯೂ ಸ್ಟೇರಿಂಗ್ ಮುಟ್ಟದೇ ಹೋದದ್ದು ಎಲ್ಲ ಕಣ್ಣಮುಂದೆ ಬಂತು. ಕಾರನ್ನು ಸರಿಮಾಡಿಟ್ಟರೆ ನೀನು ರಜೆಗೆ ಬಂದಾಗ ಕೂರಿಸಿ ಮತ್ತೆ ಕಲಿಸಬಹುದು ಎಂದುಕೊಂಡು ಬಾನೆಟ್ಟು ಎತ್ತಿದೆ.

ಒಳಗೆ ಕಪ್ಪು ರಬ್ಬರ್ ಪೈಪುಗಳ ಗೋಜಲು. ಇಂಜಿನ್ನು ಗಾಳಿ ಎಳೆದುಕೊಳ್ಳುವ ಸೆಳೆತವನ್ನು ಅಲ್ಲಿಗೂ ಇಲ್ಲಿಗೂ ಮುಟ್ಟಿಸುವ ವ್ಯಾಕ್ಯೂಮ್ ಪೈಪುಗಳು ಅವು. ಮೂವತ್ತನಾಲ್ಕು ವರ್ಷ ಪ್ರೆಸ್ಸಿನಲ್ಲಿ ಕರಡು ತಿದ್ದಿದವನು ನಾನು, ಅಚ್ಚುಕಟ್ಟು ಬಿಟ್ಟೇನೆಯೇ? ಒಂದೊಂದಕ್ಕೂ ಶಾಯಿಯಲ್ಲಿ ಚೀಟಿ ಬರೆದು, ಅಮ್ಮನ ಹೊಲಿಗೆ ದಾರದಲ್ಲಿ ಕಟ್ಟಿ, ಬಿಚ್ಚಿ ತೆಗೆದೆ. ಆಮೇಲೆ ಎಲ್ಲವನ್ನೂ ಸೋಪಿನ ನೀರಿನ ಬಕೆಟ್ಟಿಗೆ ಹಾಕಿ ಚೆನ್ನಾಗಿ ತಿಕ್ಕಿದೆ, ಚೀಟಿಗಳ ಸಮೇತ.

ಅಮ್ಮ ಬಕೆಟ್ಟಿನೊಳಗೆ ಇಣುಕಿದಳು. ನೀರು ನೀಲಿಯಾಗಿತ್ತು, ಚೀಟಿಗಳು ಬೆಳ್ಳಗಾಗಿದ್ದವು. "ಹೆಸರಿಟ್ಟು ಸ್ನಾನಾನೂ ಮಾಡಿಸಿದ್ರಲ್ಲ, ಈಗ ಒಂದ್ಸಲ ಕೂಗಿ ನೋಡಿ, ಯಾವುದಾದ್ರೂ ಓ ಅನ್ನುತ್ತಾ?" ಎಂದಳು. ಆ ಮಾತನ್ನು ಬೀದಿಯ ಅರ್ಧ ಜನಕ್ಕೆ ಹೇಳಿಯೂ ಬಂದಳು.

ಅದರಿಂದ ಒಂದು ಉಪಕಾರವಾಯಿತು. ಸುದ್ದಿ ಕೇಳಿ ಪಕ್ಕದ ಮನೆಯ ಪಾನಾ ಮೇಸ್ತ್ರಿ ಬಂದರು. ನೀನು ಅವರನ್ನು ನೋಡಿಲ್ಲ, ಹೋದ ವರ್ಷ ಬಂದವರು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದರೂ ಶರ್ಟಿನ ಜೇಬಿನಲ್ಲಿ ಪೆನ್ನಿನ ಬದಲು ನಟ್ಟು ತಿರುಗಿಸುವ ಒಂದು ಪಾನಾ ಇರಲೇಬೇಕು. ಹೊಟ್ಟೆ ಹಿಡಿದುಕೊಂಡು ನಕ್ಕು, ಆಮೇಲೆ ಹೇಳಿದರು: "ಚೀಟಿ ಹೋದ್ರೆ ಹೋಯ್ತು ಬಿಡಿ ಸಾರ್. ಪೈಪು ಇಷ್ಟು ವರ್ಷ ಹೆಂಗೆ ಕೂತಿತ್ತೋ ಹಂಗೇ ಬಾಗಿರುತ್ತೆ. ಆ ಬಾಗು ನೋಡಿ, ತುದೀಲಿ ಕ್ಲಿಪ್ಪಿನ ಗುರುತು ನೋಡಿ. ಜಾಗ ತಾನಾಗೇ ಗೊತ್ತಾಗುತ್ತೆ."

ಎರಡು ದಿನ ಅಡುಗೆಮನೆಯ ಮೇಜು ನಮ್ಮದಾಯಿತು. ಒಂದೊಂದು ಪೈಪನ್ನೂ ತಿರುಗಿಸಿ ನೋಡಿ, ಒಂದು ತುದಿಯಲ್ಲಿ ಬೆರಳಿಟ್ಟು ಇನ್ನೊಂದರಿಂದ ಊದಿ, ಬಿರುಕು ಬಿಟ್ಟದ್ದರ ಅಳತೆಗೆ ಹೊಸದನ್ನು ಕತ್ತರಿಸಿದೆವು. ಕಾರ್ಬುರೇಟರಿನದು ಬೇರೆಯೇ ರಗಳೆ. ಹಳೇ ಪೆಟ್ರೋಲು ಅಂಟಾಗಿ ಒಣಗಿ, ಪೆಟ್ರೋಲು ಹಾಯುವ ಹಿತ್ತಾಳೆ ಜೆಟ್ಟುಗಳ ತೂತು ಕಟ್ಟಿಕೊಂಡಿತ್ತು. ಸೂಜಿ ತಾಗಿಸಿದರೆ ತೂತು ದೊಡ್ಡದಾಗುತ್ತದಂತೆ. ಹಾಗಾಗಿ ಅಮ್ಮನ ಹೊಸ ಬಟ್ಟೆ ಬ್ರಷ್ಷಿನಿಂದ ಒಂದೇ ಒಂದು ಎಳೆ ಕಿತ್ತೆ. ಒಂದೇ ಎಂದರೆ ಹನ್ನೆರಡು. "ನಾಳೆ ನನ್ನ ತಲೆಕೂದಲಿಗೂ ಕೈ ಹಾಕ್ತೀರಾ" ಎಂದಳು.

ಜೋಡಿಸುವಾಗ ನೋಡಿದರೆ ಪೈಪು ಒಂಬತ್ತು, ಇಂಜಿನ್ನಿನ ಕಡೆ ಅವನ್ನು ಸಿಕ್ಕಿಸುವ ಮೂತಿಗಳು ಹತ್ತು. ಕಾರ್ಬುರೇಟರಿನ ಹಿಂದೆ, ಕೈ ಸುಲಭವಾಗಿ ಹೋಗದ ಕಡೆ ಆ ಹತ್ತನೆಯದಿತ್ತು. ಮೇಸ್ತ್ರಿ ಅದಕ್ಕೆ ಬಿರಡೆಯಂತೆ ಸಿಕ್ಕಿಸಿದ್ದುದನ್ನು ಕಿತ್ತು ನನ್ನ ಕೈಗೆ ಕೊಟ್ಟು, ಹೊಸ ಪೈಪು ಹಾಕಿ ಕ್ಲಿಪ್ಪು ಬಿಗಿದರು. "ಇದನ್ನ ಯಾರು ಹಾಕಿದ್ದು ಸಾರ್?" ಎಂದು ಕೇಳಿದರು. ಕಾಫಿ ಆರುತ್ತೆ ಬನ್ನಿ ಎಂದೆ.

ನಿನ್ನೆ ಬೆಳಿಗ್ಗೆ ಸ್ಟಾರ್ಟ್ ಮಾಡಿದೆವು. ನಾಲ್ಕು ಸಲ ಕೆಮ್ಮಿತು, ಐದನೆಯದಕ್ಕೆ ಹತ್ತಿಕೊಂಡಿತು! ಮೇಸ್ತ್ರಿ ಇಂಜಿನ್ನಿನ ಮೇಲೆ ಒಂದು ಲೋಟ ನೀರಿಟ್ಟರು. ನೀರು ಸುಮ್ಮನೆ ನಡುಗಿತೇ ಹೊರತು ಒಂದು ತೊಟ್ಟೂ ಚೆಲ್ಲಲಿಲ್ಲ. ಒದ್ದೆ ಕೈಯಲ್ಲೇ ಬಂದ ಅಮ್ಮ ಹಿಂದಿನ ಸೀಟಿನಲ್ಲಿ ಕೂತು, "ಸುಮ್ನೆ ಗುರ್ ಅನ್ನಿಸಬೇಡಿ, ಎಲ್ಲಿಗಾದ್ರೂ ಕರ್ಕೊಂಡು ಹೋಗಿ" ಎಂದಳು. ಬೀದಿಯನ್ನು ನಾಲ್ಕು ಸುತ್ತು ಹಾಕಿದೆವು. ತಿರುವು ಬಂದಾಗಲೆಲ್ಲ ನಿಧಾನ ಮಾಡಿದೆ, ನಿಲ್ಲಿಸಿದೆ. ಒಂದು ಸಲವೂ ಇಂಜಿನ್ನು ಆರಲಿಲ್ಲ. ನನಗೆ ಮಾತ್ರ ಅಮ್ಮನ ಮುಖವನ್ನು ಕನ್ನಡಿಯಲ್ಲಿ ನೋಡುವುದಕ್ಕೂ ಧೈರ್ಯವಾಗಲಿಲ್ಲ.

ಹೊತ್ತುಹೊತ್ತಿಗೆ ತಿನ್ನು. ರೋಗಿಗಳ ಮೇಲಿನ ಅಕ್ಕರೆಯಲ್ಲಿ ನಿನ್ನ ಬೆನ್ನು ಮುರಿದುಕೊಳ್ಳಬೇಡ. ನೀನು ಹೋದ ದಾರಿಯಲ್ಲೆಲ್ಲ ಒಳ್ಳೆಯದೇ ಎದುರಾಗಲಿ.

ಇಂತು ನಿನ್ನ
ಅಪ್ಪ

ತಾ.ಕ.: ಇಷ್ಟನ್ನು ಓದಿದ ಅಮ್ಮ ಕಾಗದವನ್ನು ನನ್ನ ಮುಂದೆ ಎಸೆದು, "ಇರೋ ವಿಷಯ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಬರ್ದಿದ್ದೀರಿ. ನೀವು ಬರೀತೀರೋ, ನಾನು ಬರೀಲೋ?" ಎಂದಳು. ನಾನೇ ಬರೆಯುತ್ತೇನೆ.

ಆ ಹತ್ತನೆಯ ಮೂತಿಗೆ ಸಿಕ್ಕಿಸಿದ್ದದ್ದು ಪೆನ್ನಿನ ಕ್ಯಾಪು, ಉದ್ದಕ್ಕೂ ಸೀಳಿದ್ದು. ಮೈತುಂಬ ಹಲ್ಲಿನ ಗುರುತು. ಕ್ಯಾಪು ಜಗಿಯುವವನು ಈ ಮನೆಯಲ್ಲಿ ಒಬ್ಬನೇ. ನಿನ್ನ ಪರೀಕ್ಷೆಯ ಹಿಂದಿನ ವಾರ, ಹರಿದ ಪೈಪೊಂದು ಕೆಲಸಕ್ಕೆ ಬಾರದ್ದೆಂದು ನಾನೇ ಕಿತ್ತೆಸೆದು ಅದನ್ನು ಸಿಕ್ಕಿಸಿದ್ದೆ. ಬಿಸಿಗೆ ಅದು ಸೀಳಿ, ಅಲ್ಲಿಂದ ಗಾಳಿ ನುಗ್ಗಿ, ನಿಧಾನ ಮಾಡಿದಾಗಲೆಲ್ಲ ಇಂಜಿನ್ನು ಆರಿಹೋಗುತ್ತಿತ್ತು. "ನಾನು ಓಡಿಸಿದ್ರೂ ನಿಂತುಹೋಗ್ತಿತ್ತು ಸಾರ್" ಎಂದರು ಮೇಸ್ತ್ರಿ.

ನಿನ್ನ ಕಾಲಿನದು ಏನೂ ತಪ್ಪಿರಲಿಲ್ಲ ಮಗಳೇ. ಆ ದಿನ ಪರೀಕ್ಷೆಗೆ ಸಾಲಿನಲ್ಲಿ ನಿಂತವರೆಲ್ಲರ ಮುಂದೆ "ಕ್ಲಚ್ ಬಿಡೋಕೆ ಬರದವಳು, ಇನ್ನು ನನ್ನ ಕಾರು ಮುಟ್ಟಬೇಡ" ಎಂದು ಕಿರುಚಿದೆ. ನೀನು ಅಳಲೂ ಇಲ್ಲ, ಕೀ ನನ್ನ ಕೈಗಿಟ್ಟು ಬಸ್ ಹತ್ತಿದೆ. ಅಂದು ಸಾಲಿನಲ್ಲಿದ್ದವರನ್ನೆಲ್ಲ ಈಗ ಎಲ್ಲಿ ಹುಡುಕಿ ಹೇಳಲಿ? ನಿನಗಾದರೂ ಹೇಳುತ್ತೇನೆ: ತಪ್ಪು ನನ್ನದು. ಕ್ಷಮಿಸು ಎಂದು ಕೇಳಲು ನಾಚಿಕೆಯಾಗುತ್ತದೆ, ಆದರೂ ಕೇಳುತ್ತಿದ್ದೇನೆ. ಆಸ್ಪತ್ರೆಯವರಿಗೆ ಇನ್ನೂ ಬೇಡ ಎಂದಿಲ್ಲದಿದ್ದರೆ, ಅನ್ನಬೇಡ.