ಏಳನೇ ಪ್ರಶ್ನೆಗೆ ‘ಹೌದು’ ಎಂದವರ ಪರವಾಗಿ

ಮಾನ್ಯ ವಿದ್ಯಾರ್ಥಿ ಕ್ಷೇಮಾಧಿಕಾರಿಗಳೇ,

ನಿಮ್ಮ ವಿಶ್ವವಿದ್ಯಾಲಯದ ಸೂಚನಾಫಲಕದಲ್ಲಿ ‘ಅಂತರ್ಜಾಲದ ಸಮಸ್ಯಾತ್ಮಕ ಬಳಕೆದಾರರು’ ಎಂಬ ತಲೆಬರಹದಡಿ ತೂಗುತ್ತಿರುವ ಪಟ್ಟಿಯಲ್ಲಿ ನೂರ ಹದಿನಾಲ್ಕನೆಯ ಹೆಸರು ನನ್ನ ಮಗಳದು. ಅದು ಅಲ್ಲಿರುವುದಕ್ಕೆ ಕಾರಣ ಅವಳ ಮೊಬೈಲಲ್ಲ, ನನ್ನ ಪ್ರಾಸ. ಮೊದಲು ನನ್ನನ್ನು ಬೈಯಿರಿ. ಆಮೇಲೆ ಬೈಸಿಕೊಳ್ಳುವ ಸರದಿ ನಿಮ್ಮದು.

ವಿದ್ಯಾರ್ಥಿಗಳ ಜಾಲದ ಚಟ ಅಳೆಯಲು ನೀವು ಹಂಚಿದ ಇಪ್ಪತ್ತು ಪ್ರಶ್ನೆಗಳನ್ನು ಕನ್ನಡಕ್ಕೆ ತಂದವನು ನಾನೇ. ನಿಮ್ಮ ಕಾಗದಪತ್ರ ಅಚ್ಚು ಹಾಕುವ ಮುದ್ರಣಾಲಯದಲ್ಲಿ ಕರಡು ತಿದ್ದುವುದು ನನ್ನ ವೃತ್ತಿ. ಮಾಲೀಕರು ಹಾಳೆ ಚಾಚಿ, “ನೀನು ಕನ್ನಡ ಮೀಡಿಯಂನವನಲ್ವೇನಯ್ಯಾ, ಊಟದ ಹೊತ್ತಿಗೆ ಮುಗಿಸಿಬಿಡು” ಎಂದರು. ಇಪ್ಪತ್ತು ವರ್ಷ ಪರರ ಕಾಗುಣಿತ ತಿದ್ದಿದವನಿಗೆ ಸ್ವಂತದ್ದೊಂದು ವಾಕ್ಯ ಬರೆಯುವ ಯೋಗ. ಬಿಟ್ಟೇನೇ? ಮೂಲದ ಏಳನೇ ಪ್ರಶ್ನೆ ತೀರ ಸಪ್ಪೆಯಾಗಿತ್ತು: ಅಂತರ್ಜಾಲದಲ್ಲಿ ಎಷ್ಟು ಹೊತ್ತು ಕಳೆದರೂ ಇನ್ನೂ ಬೇಕೆನಿಸುತ್ತದೆಯೇ? ನಾನು ಅದಕ್ಕೆ ಉಪ್ಪುಖಾರ ಹಚ್ಚಿದೆ: ‘ಜಾಲದ ಕಾಲ ಸಾಲದೇ?’ ಮೂರು ಪದ, ಮೂರೂ ಪ್ರಾಸ. ಅಂದು ಊಟ ಒಂದು ತುತ್ತು ಹೆಚ್ಚೇ ಸೇರಿತು.

ಓದಿದವರು ಏನೆಂದು ಉತ್ತರಿಸಬೇಕು? ಸಾಕು ಎನ್ನುವವನೂ ‘ಹೌದು’ ಎನ್ನಬಹುದು, ಸಾಲದು ಎನ್ನುವವನೂ ‘ಹೌದು’ ಎನ್ನಬಹುದು. ನಿಮ್ಮಲ್ಲಿ ಮಾತ್ರ ಪ್ರತಿ ಹೌದಿಗೂ ಒಂದು ಅಂಕ. ಹನ್ನೆರಡು ಮುಟ್ಟಿದರೆ ಚಟ. ನನ್ನ ಮಗಳಿಗೆ ಬಂದದ್ದು ಸರಿಯಾಗಿ ಹನ್ನೆರಡು. ಅಂಕ ಹೆಚ್ಚಾಯಿತೆಂದು ನಮ್ಮ ವಂಶದಲ್ಲಿ ಯಾರಾದರೂ ಅತ್ತದ್ದು ಇದೇ ಮೊದಲು.

“ಅಪ್ಪಾ, ಏಳನೇದು ಯಾವ ಪುಣ್ಯಾತ್ಮ ಬರ್ದಿದ್ದು? ಇಷ್ಟೇ ಸಾಕು ಅಂತ ನಾನು ಹೌದು ಅಂದೆ” ಎಂದು ಫೋನಿನಲ್ಲಿ ಕೇಳಿದಳು.

“ಯಾರೋ ತಲೆಕೆಟ್ಟವನಿರ್ಬೇಕು ಕಣಮ್ಮ” ಎಂದೆ. ಅಷ್ಟರ ಮಟ್ಟಿಗೆ ನಿಜವನ್ನೇ ಹೇಳಿದೆ.

ಪಟ್ಟಿಯಲ್ಲಿರುವವರ ಹಾಸ್ಟೆಲ್ ಕೋಣೆಗೆ ವರ್ಷ ಮುಗಿಯುವವರೆಗೆ ವೈಫೈ ಇಲ್ಲವೆಂದು ನಿಮ್ಮ ಆದೇಶ. ಆ ದಪ್ಪ ಗೋಡೆಗಳ ನಡುವೆ ಮೊಬೈಲಿನ ಸಿಗ್ನಲ್ ಮಾತಿಗೆ ಸಾಕು, ಮುಖಕ್ಕೆ ಸಾಲದು. ನಮ್ಮ ಮನೆಗೆ ಬೇಕಾದದ್ದು ಮುಖವೇ. ನನ್ನ ಅಮ್ಮನಿಗೆ ಕಿವಿ ಕೇಳಿಸುವುದಿಲ್ಲ. ತುಟಿ ನೋಡಿ ಮಾತು ಹಿಡಿಯುತ್ತಾಳೆ. ದಿನಾ ಸಂಜೆ ಆರಕ್ಕೆ ಮೊಮ್ಮಗಳು ಪರದೆಯ ಮೇಲೆ ಬಂದು, ಒಂದೊಂದೇ ಪದ ಬಿಡಿಸಿ ಆಡುತ್ತಿದ್ದಳು. ‘ಮನೆಯವರೊಂದಿಗೆ ಎದುರಿಗಿಂತ ಪರದೆಯ ಮೇಲೇ ಹೆಚ್ಚು ಮಾತಾಡುವಿರಾ?’ ಎಂಬ ಪ್ರಶ್ನೆಗೂ ಪ್ರಾಮಾಣಿಕವಾಗಿ ‘ಹೌದು’ ಎಂದು ಒಂದಂಕ ಗಳಿಸಿದವಳು ಅವಳು. ಈಗಲೂ ಆರಕ್ಕೆ ಅಮ್ಮ ಕನ್ನಡಕ ಒರೆಸಿಕೊಂಡು ಕೂರುತ್ತಾಳೆ. ನಾನು ಮುಂದೆ ಕೂತು ಮಾತಾಡಿಸಿದರೆ, “ನೀನು ಸುಮ್ನಿರೋ, ಆ ಮೀಸೆ ಒಳಗೆ ಏನ್ ಕಾಣ್ಸತ್ತೆ” ಎನ್ನುತ್ತಾಳೆ.

ಅಂದಹಾಗೆ ಕರಡು ತಿದ್ದುವಾಗ ನಾನೂ ಈ ಪರೀಕ್ಷೆ ತೆಗೆದುಕೊಂಡೆ. ಬಂದದ್ದು ಮೂರಂಕ. ಹನ್ನೆರಡಕ್ಕೆ ಚಟವೆಂದು ಮೊದಲೇ ಗೊತ್ತಿದ್ದವನು ಮೂರಕ್ಕೆ ನಿಲ್ಲದೆ ಇನ್ನೆಷ್ಟಕ್ಕೆ ನಿಂತಾನು? ಈ ಪ್ಯಾರಾ ಬರೆಯುವಷ್ಟರಲ್ಲಿ ನಾಲ್ಕು ಸಲ ಮೊಬೈಲ್ ನೋಡಿದ್ದೇನೆ. ಚುಟುಕಗಳ ಗುಂಪಿನಲ್ಲಿ ನನ್ನ ಚುಟುಕಕ್ಕೆ ಇನ್ನೂ ಒಬ್ಬರೂ ಹೆಬ್ಬೆರಳು ಎತ್ತಿಲ್ಲ. ಸುಳ್ಳು ಹೇಳಿದ ಅಪ್ಪ ಸ್ವಸ್ಥ, ನಿಜ ಹೇಳಿದ ಮಗಳು ಅಸ್ವಸ್ಥ. ನೀವು ಅಳೆದದ್ದು ಚಟವನ್ನೋ, ಸತ್ಯ ಹೇಳುವ ಕೆಟ್ಟ ಅಭ್ಯಾಸವನ್ನೋ?

ಇದನ್ನೇ ಹೇಳಲು ನಿಮ್ಮ ಕೋಣೆಗೆ ಬಂದಿದ್ದೆ. ನೆನಪಿರಬಹುದು. ನಿಮ್ಮ ಸಹಾಯಕಿ ಚಹಾ ತಂದು, “ಸರ್, ಸಕ್ಕರೆ ಸಾಲದಾ?” ಎಂದರು. ನೀವು ಕಡತದಿಂದ ತಲೆಯೆತ್ತದೆ “ಹೂಂ” ಎಂದಿರಿ. ಆಕೆ ಇನ್ನೊಂದು ಚಮಚ ಸುರಿದರು.

“ಸಾಕು ಅಂದ್ನಲ್ಲಮ್ಮಾ.”

“ಹೂಂ ಅಂದ್ರಲ್ಲ ಸರ್.”

ನನ್ನ ವಾದ ಅಲ್ಲಿಗೇ ಗೆದ್ದಿತ್ತು. ಆದರೂ ತಾವು ಆ ಪಾಕವನ್ನು ಗುಟುಕರಿಸುತ್ತ, “ಮಾಪನ ಪ್ರಮಾಣಿತವಾದದ್ದು. ಆಕ್ಷೇಪಣೆ ಇದ್ರೆ ಹುಡುಗಿಯೇ ಆನ್‌ಲೈನಲ್ಲಿ ಹಾಕ್ಲಿ” ಎಂದಿರಿ. ಜಾಲ ಕಳೆದುಕೊಂಡವರು ಜಾಲದಲ್ಲೇ ಅರ್ಜಿ ಹಾಕಬೇಕು; ಕಾಲು ಕಟ್ಟಿ ಓಟಕ್ಕೆ ನಿಲ್ಲಿಸುವುದು ಎಂದರೆ ಇದೇ ಇರಬೇಕು. ಮೂಲ ಪ್ರಮಾಣಿತವೇ ಇದ್ದೀತು. ನನ್ನ ಪ್ರಾಸವನ್ನು ಪ್ರಮಾಣೀಕರಿಸಿದವರು ಯಾರು? ಊಟದ ಗಂಟೆಯೇ?

ನನ್ನ ಬೇಡಿಕೆ ಇಷ್ಟು. ಏಳನೇ ಪ್ರಶ್ನೆಯ ಅಂಕವನ್ನು ಎಲ್ಲರಿಂದಲೂ ಕಳೆಯಿರಿ. ಆಮೇಲೂ ಹನ್ನೆರಡು ಮುಟ್ಟಿದವರಿದ್ದರೆ ಗೋಡೆಗೆ ನೇತುಹಾಕದೆ ಒಬ್ಬೊಬ್ಬರನ್ನೇ ಕರೆದು ಮಾತಾಡಿಸಿ. ನಿಜವಾಗಿ ಸಿಕ್ಕಿಬಿದ್ದವರು ಅವರಲ್ಲಿ ಇದ್ದಾರು. ಪಟ್ಟಿ ಇದ್ದ ಜಾಗಕ್ಕೆ ತಿದ್ದುಪಡಿಯ ಚೀಟಿ ಹಚ್ಚಿ, ತಪ್ಪು ಕರಡು ತಿದ್ದುವವನದೆಂದೇ ಬರೆಯಿರಿ. ಅದರ ಕರಡನ್ನೂ ನಾನೇ ನೋಡಿಕೊಡುತ್ತೇನೆ. ಪ್ರಾಸ ಹಾಕುವುದಿಲ್ಲ.

ಕೊನೆಯದಾಗಿ, ವೈಫೈ ಬೇಗ ಕೊಡಿ. ಆ ತಲೆಕೆಟ್ಟವನು ಯಾರೆಂದು ಮಗಳಿಗೆ ಇನ್ನೂ ಹೇಳಿಲ್ಲ. ಫೋನಿನಲ್ಲಿ ಎರಡು ಸಲ ಬಾಯಿ ತೆರೆದೆ, ಎರಡು ಸಲವೂ ಊಟವಾಯಿತಾ ಎಂದು ಕೇಳಿ ಮುಗಿಸಿದೆ. ಮುಖ ಕೊಟ್ಟು ಹೇಳಬೇಕಾದ ಮಾತದು. ಸಂಜೆ ಆರಕ್ಕೆ ಅಮ್ಮನ ಪಕ್ಕದಲ್ಲೇ ಕೂತು ಹೇಳುತ್ತೇನೆ. ಅಮ್ಮನಿಗೂ ತಿಳಿಯಲೆಂದು ಮೀಸೆ ಬೋಳಿಸಿಕೊಂಡಿದ್ದೇನೆ.

ಇಂತಿ,
ಹನ್ನೆರಡು ಅಂಕದವಳ ಅಪ್ಪ,
ಮೂರಂಕದ ಆರೋಗ್ಯವಂತ