ಎಲ್ಲಿಗೆ ಬೇಕಾದರೂ ಹೋಗಬಹುದಾದವರು

ಲಾರೆನ್ಸ್ ಬಾಪ್ಪು,

ನಿಮಗೆ ಪತ್ರ ಬರೆಯುತ್ತಿರುವುದು ಇದೇ ಮೊದಲು. ನೀವಿದ್ದಾಗ ಬರೆಯುವ ಪ್ರಸಂಗ ಎಲ್ಲಿತ್ತು? ದುಬೈ ಮುರಕ್ಕಬಾತ್‌ನ ಆ ಹೋಟೆಲಿನ ಬೇಕರಿಯಲ್ಲಿ ಒಂದೇ ಮೇಜಿನ ಆಚೆ ಈಚೆ ವರ್ಷಗಟ್ಟಲೆ ನಿಂತವರು ನಾವು. ಕೆಲಸಕ್ಕೆ ಸೇರಿದ ದಿನ ನಾನು 'ಸರ್' ಎಂದದ್ದಕ್ಕೆ ನಿಮಗೆ ಸಿಟ್ಟು ಬಂದಿತ್ತು. "ಸರ್ ಎಲ್ಲ ಬೇಡ ಮಾರಾಯ್ತಿ, ಬಾಪ್ಪು ಹೇಳು. ನಮ್ಮ ಕೊಂಕಣಿಯಲ್ಲಿ ಚಿಕ್ಕಪ್ಪ" ಎಂದಿರಿ. ಪುತ್ತೂರಿನವಳಾದ ನನಗೆ ಕೊಂಕಣಿ ಬಾರದು. ಅದೊಂದು ಶಬ್ದ ಮಾತ್ರ ಬಾಯಿಗೆ ಹತ್ತಿತು.

ಒಂದು ಡಿಸೆಂಬರಿನ ಬೆಳಿಗ್ಗೆ, ಕ್ರಿಸ್‌ಮಸ್ ಕೇಕುಗಳ ಗಡಿಬಿಡಿಯ ನಡುವೆ ನೀವು ಹಿಟ್ಟಿನ ಕೈ ಒರೆಸಿಕೊಂಡು ಮೊಬೈಲು ನೋಡಿ, "ಅವ ಫ್ರೀ ಏಜೆಂಟ್ ಆದ" ಎಂದಿರಿ. ನಾನು ಕೂಡಲೇ, "ಯಾರು ಬಾಪ್ಪು? ನಂಬರ್ ಕೊಡಿ, ನನ್ನ ತಮ್ಮನಿಗೊಂದು ವೀಸಾ ಆಗ್ಬೇಕಿತ್ತು" ಎಂದೆ. ಏಜೆಂಟ್ ಎಂದರೆ ವೀಸಾ ಕೊಡಿಸುವವನು, ಫ್ರೀ ಎಂದರೆ ಕಮಿಷನ್ ತಿನ್ನದವನು ಎಂದೇ ನಾನು ತಿಳಿದದ್ದು. ಗಲ್ಫಿಗೆ ಬಂದ ಯಾರಿಗೆ ತಾನೇ ಬೇರೆ ಅರ್ಥ ಹೊಳೆದೀತು? ನೀವು ನಕ್ಕು ನಕ್ಕು ಮೈದಾ ಚೀಲದ ಮೇಲೆ ಕೂತುಬಿಟ್ಟಿರಿ.

ಆಮೇಲೆ ಬಿಡಿಸಿ ಹೇಳಿದಿರಿ. ಅದು ಅಮೆರಿಕದ ಬೇಸ್‌ಬಾಲ್, ಅವನೊಬ್ಬ ಆಟಗಾರ. ಹೋಟೆಲಿನಲ್ಲಿ ತಿಂಗಳುಗಟ್ಟಲೆ ಉಳಿದಿದ್ದ ಆಯಿಲ್ ಕಂಪನಿಯ ಎಂಜಿನಿಯರ್ ಒಬ್ಬ ಬಿಸಿ ಬ್ರೆಡ್ಡಿಗೆಂದು ಬೇಕರಿಯ ಬಾಗಿಲಿಗೇ ಬರುತ್ತಿದ್ದನಂತೆ. ಅವನು ಊರಿಗೆ ಹೋದ, ಅವನ ಹುಚ್ಚು ನಿಮ್ಮಲ್ಲಿ ಉಳಿಯಿತು. ಆಟ ಹೇಗೆ ಆಡುತ್ತಾರೆ ಎಂದು ಕೇಳಿದರೆ ನಿಮಗೂ ನೆಟ್ಟಗೆ ಗೊತ್ತಿರಲಿಲ್ಲ. ನಿಮಗೆ ಬೇಕಾದದ್ದು ಆಟ ಮುಗಿದ ಮೇಲಿನ ಚಳಿಗಾಲ, ಯಾರು ಯಾವ ಟೀಮಿಗೆ ಹೋಗುತ್ತಾರೆ ಎಂಬ ಸುದ್ದಿ. "ಆರು ವರ್ಷ ಅವ ಟೀಮಿನವರು ಹೇಳಿದಲ್ಲಿ ಆಡ್ಬೇಕು. ಆಮೇಲೆ ಫ್ರೀ. ಎಲ್ಲಿಗೆ ಬೇಕಾದ್ರೂ ಹೋಗ್ಬಹುದು, ಗೊತ್ತುಂಟಾ ನಿಂಗೆ?" ಎಂದಿರಿ. "ಕೆಲಸ ಬಿಟ್ಟದ್ದಕ್ಕೆ ಬ್ಯಾನ್ ಬೀಳುದಿಲ್ವಾ?" ಎಂದು ಕೇಳಿದೆ. "ಇಲ್ಲ." "ಪಾಸ್‌ಪೋರ್ಟ್ ಯಾರ ಹತ್ರ ಇರ್ತದೆ?" ನೀವು ನನ್ನನ್ನೇ ನೋಡಿ, "ಅವನ ಹತ್ರವೇ ಮಾರಾಯ್ತಿ" ಎಂದಿರಿ. ನಮ್ಮಿಬ್ಬರ ಪಾಸ್‌ಪೋರ್ಟೂ ಆಗ ಆಫೀಸಿನ ಬೀರುವಿನಲ್ಲಿತ್ತು. ದೊಡ್ಡ ದೊಡ್ಡ ಟೀಮುಗಳ ಧಣಿಗಳು ಸಾಲಾಗಿ ಕಾಯುವುದು, ಕೆಲಸ ಮಾಡುವವನು ಕೂತು ಆರಿಸುವುದು. ಇಂಥದ್ದೂ ಲೋಕದಲ್ಲಿ ಉಂಟೇ ಎಂದು ಆ ಇಡೀ ದಿನ ಯೋಚಿಸಿದೆ.

ಅಲ್ಲಿಂದ ಮುಂದೆ ಪ್ರತಿ ಚಳಿಗಾಲ ಬನ್ನಿನ ಹಿಟ್ಟು ಉಬ್ಬುವಷ್ಟು ಹೊತ್ತು ನಮ್ಮದು ಇದೇ ಚರ್ಚೆ. ಯಾಕೆ ಈ ಟೀಮು, ಯಾಕೆ ಆ ಟೀಮಲ್ಲ? ಒಬ್ಬ ತನ್ನ ಮಗಳ ಶಾಲೆ ಬಿಡಿಸಬಾರದೆಂದು ಇದ್ದಲ್ಲೇ ಉಳಿದ. ಇನ್ನೊಬ್ಬ ಹಳೆಯ ಜೊತೆಗಾರ ಇದ್ದಾನೆಂದು ಸೋಲುವ ಟೀಮಿಗೇ ಹೋದ. ಮತ್ತೊಬ್ಬನಿಗೆ ಚಳಿ ಆಗುವುದಿಲ್ಲವಂತೆ, ಅಷ್ಟೇ. ಗೆಲ್ಲುವ ಟೀಮು ಕರೆದರೂ ಬೇಡ ಎಂದವರ ಸುದ್ದಿಯನ್ನು ನೀವು ಎರಡೆರಡು ಸಲ ಓದುತ್ತಿದ್ದಿರಿ. "ಪೇಪರಿನವರು ಬರೆಯುದು ಒಂದು ಕಾರಣ. ಒಳಗೆ ಎಂತ ಇರ್ತದೋ" ಎನ್ನುತ್ತಿದ್ದಿರಿ. ಒಂದು ದಿನ ಮಾತ್ರ ನಿಮ್ಮದೇ ವಿಷಯ ಬಂತು. "ಬಹರೈನಿಗೆ ಕಳಿಸಿದ್ರು, ಹೋದೆ. ದುಬೈಗೆ ಹಾಕಿದ್ರು, ಬಂದೆ. ಮೂವತ್ತು ವರ್ಷದಲ್ಲಿ ನಾನಾಗಿ ಎಂತದೂ ಆರಿಸಿದ್ದಿಲ್ಲ. ಅರವತ್ತು ತುಂಬಿದ ದಿನ ನಾನೇ ಹೋಗಿ 'ಖಲಾಸ್, ನಾನು ಹೊರಟೆ' ಹೇಳ್ಬೇಕು. ಅವರು ಹೇಳ್ಬಾರ್ದು." ಹೀಗೆ ಹೇಳಿ ಎದ್ದು ಓವನ್ ನೋಡಲು ಹೋದಿರಿ.

ನಿಮ್ಮ ಬಲಗೈ ನಡುಗುವುದನ್ನು ನಾನು ಮೊದಲು ಕಂಡದ್ದು ಯಾರದೋ ಮದುವೆಯ ಕೇಕಿನ ಮೇಲೆ ಹೆಸರು ಬರೆಯುವಾಗ. ನಮ್ಮ ಡೇರಾ ಪೇಟೆಯಲ್ಲೆಲ್ಲ ಹೆಸರಾದ ಅಕ್ಷರ ನಿಮ್ಮದು, ಕೊನೆಯಲ್ಲೊಂದು ಸುರುಳಿ. ಅವತ್ತು ಸುರುಳಿ ಎತ್ತಲೋ ಹೋಯಿತು. ನೀವು ಕ್ರೀಮಿನ ಕೋನ್ ಕೆಳಗಿಟ್ಟು, "ಫೋನ್ ಬಂತು ಕಾಣ್ತದೆ" ಎಂದು ಹೊರಗೆ ಹೋದಿರಿ. ಫೋನು ಮೇಜಿನ ಮೇಲೆಯೇ ಇತ್ತು ಬಾಪ್ಪು. ನಾನು ಕೆರೆದು ಒರೆಸಿ, ನಿಮ್ಮ ಹಾಗೆಯೇ ಸುರುಳಿ ಹಾಕಿ ಬರೆದೆ. ನೀವು ಬಂದು ನೋಡಿ, ಕೇಕನ್ನು ಪೆಟ್ಟಿಗೆಗೆ ಇಳಿಸಿದಿರಿ. ಮರುದಿನದಿಂದ ಹೆಸರು ಬರೆಯುವ ಹೊತ್ತಿಗೆ ಸರಿಯಾಗಿ ನಿಮಗೆ ಫೋನ್ ಬರತೊಡಗಿತು. ದೊಡ್ಡ ಶೆಫ್‌ಗೆ ಗೊತ್ತಾದರೆ ಮೆಡಿಕಲ್ ಅನ್‌ಫಿಟ್ ಎಂದು ಆ ವಾರವೇ ಊರಿನ ಟಿಕೇಟು ಕೈಗಿಡುತ್ತಿದ್ದರು. ಅರವತ್ತಕ್ಕೆ ಇನ್ನೂ ಒಂದೂವರೆ ವರ್ಷವಿತ್ತು.

ಅದೇ ಹೊತ್ತಿಗೆ ನನ್ನ ಕಾಂಟ್ರಾಕ್ಟ್ ಮುಗಿಯಿತು. ಅಬುಧಾಬಿಯ ದೊಡ್ಡ ಹೋಟೆಲಿನಿಂದ ಕರೆ ಬಂತು. ನನ್ನ ಗಂಡ ಹರೀಶ, ಮಗಳು ನಿಶಾ ಇದ್ದದ್ದು ಅಲ್ಲೇ, ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ. ನಾನು ವಾರಕ್ಕೊಂದು ದಿನ ಮನೆಗೆ ಹೋಗುವ ನೆಂಟಳು. ನಿಶಾ ಕ್ಯಾಲೆಂಡರಿಗೆ ಗೆರೆ ಹಾಕಿ, "ಮಮ್ಮಾ, ದಿಸ್ ಇಯರ್ ಫಾರ್ ಶೂರ್?" ಎಂದು ಕೇಳುತ್ತಿದ್ದಳು. ನಿಮಗೆ ಹೇಳಿದಾಗ ನೀವು ಕುಣಿಯುವುದೊಂದು ಬಾಕಿ. "ಈಗ ನೀ ಫ್ರೀ ಏಜೆಂಟ್. ಹೋಗು, ಹಿಂದೆ ತಿರುಗಿ ನೋಡ್ಬೇಡ" ಎಂದಿರಿ. ಹಾಗೆನ್ನುವಾಗ ನಡುಗುವ ಕೈ ಏಪ್ರನ್ನಿನ ಜೇಬಿನಲ್ಲಿತ್ತು. ನಾನು ಹೋದರೆ ಹೆಸರು ಬರೆಯುವವರು ಯಾರು ಎಂದು ನೀವೂ ಕೇಳಲಿಲ್ಲ, ನಾನೂ...

ಹತ್ತು ದಿನದ ಮೇಲೆ ಬಂದು, ಆಫರ್ ಕ್ಯಾನ್ಸಲ್ ಆಯಿತು, ಇಲ್ಲೇ ಕಾಂಟ್ರಾಕ್ಟ್ ಮುಂದುವರಿಸಿದೆ ಎಂದು ಹೇಳಿದೆ. ನಿಮ್ಮ ಸಿಟ್ಟು ನೋಡಬೇಕಿತ್ತು. "ಕಣ್ಣಿಲ್ಲ ಅವರಿಗೆ. ಇಂಥ ಕೈ ಬಿಟ್ಟು ಎಂಥವರನ್ನು ತಗೊಳ್ತಾರೆ ನೋಡುವ" ಎಂದು ಆ ಹೋಟೆಲಿಗೆ ಒಂದೂವರೆ ವರ್ಷ ಶಾಪ ಹಾಕಿದಿರಿ. ಅವರ ಜಾಹೀರಾತು ಬಂದರೆ ಪೇಪರಿನ ಪುಟವನ್ನೇ ಮಗುಚುತ್ತಿದ್ದಿರಿ. ನಾನು ಹಿಟ್ಟು ನಾದುತ್ತಿದ್ದೆ.

ಅರವತ್ತು ತುಂಬಿದ ಬೆಳಿಗ್ಗೆ ನೀವು ಇಸ್ತ್ರಿ ಮಾಡಿದ ಬಿಳಿ ಕೋಟು ತೊಟ್ಟು ದೊಡ್ಡ ಶೆಫ್ ಕೋಣೆಗೆ ನಡೆದುಹೋದಿರಿ. ಬಾಗಿಲು ತೆರೆದೇ ಇತ್ತು. "ಐ ಆಮ್ ಗೋಯಿಂಗ್, ಶೆಫ್" ಎಂದದ್ದು ನಮಗೆಲ್ಲ ಕೇಳಿಸಿತು. ಇನ್ನೆರಡು ವರ್ಷ ಇರು ಎಂದು ಅವರು ಒತ್ತಾಯಿಸಿದರು, ನೀವು ಬೇಡ ಎಂದಿರಿ. ಹೊರಗೆ ಬಂದಾಗಿನ ನಿಮ್ಮ ಮುಖ... ನಾನು ಯಾವ ಮನುಷ್ಯನ ಮುಖದಲ್ಲೂ ಅಂಥದ್ದನ್ನು ಕಂಡಿಲ್ಲ. "ಇರು ಹೇಳಿದ್ರು ಮಾರಾಯ್ತಿ, ನಾನೇ ಆಗುದಿಲ್ಲ ಹೇಳಿದೆ" ಎಂದು ನೀವು ಒಬ್ಬೊಬ್ಬರ ಹತ್ತಿರವೂ ಹೋಗಿ ಹೇಳಿದಿರಿ, ಪಾತ್ರೆ ತೊಳೆಯುವವರ ಹತ್ತಿರವೂ.

ನೀವು ಊರಿಗೆ ಹೋದ ಐದು ತಿಂಗಳಿಗೆ, ಬೆಳ್ಮಣ್ಣಿನ ಮನೆಯಲ್ಲಿ ತೀರಿಕೊಂಡ ಸುದ್ದಿ ವಾಟ್ಸ್ಯಾಪಿನಲ್ಲಿ ಬಂತು. ನಿದ್ದೆಯಲ್ಲೇ ಎಂದರು. ಅವತ್ತು ನಾನು ಬೇಯಿಸಿದ ಬ್ರೆಡ್ಡು ಒಂದೂ ಸರಿಯಾಗಲಿಲ್ಲ.

ಮೊನ್ನೆ ನಾನು ಅಬುಧಾಬಿಯ ಅದೇ ಹೋಟೆಲಿಗೆ ಸೇರಿದೆ ಬಾಪ್ಪು. ಈಗ ದಿನಾ ಮನೆಗೆ ಹೋಗುತ್ತೇನೆ. ಇಂಟರ್‌ವ್ಯೂನಲ್ಲಿ ಅಲ್ಲಿಯ ಶೆಫ್ ಹಳೆಯ ಫೈಲು ತೆಗೆದು, "ಎರಡು ವರ್ಷದ ಹಿಂದೆ ಕರೆದಾಗ ಯಾಕೆ ಬರಲಿಲ್ಲ? ನಾವು ಒಂದು ತಿಂಗಳು ಜಾಗ ಖಾಲಿ ಇಟ್ಟು ಕಾದೆವು" ಎಂದರು. ಹೌದು, ಅವರು ಕ್ಯಾನ್ಸಲ್ ಮಾಡಿರಲಿಲ್ಲ. ಸಿಟ್ಟು ಮಾಡಬೇಡಿ, ಪಾಪ ಆ ಹೋಟೆಲಿನವರನ್ನು ಇನ್ನಾದರೂ ಬೈಯಬೇಡಿ. ಹರೀಶನ ಹತ್ತಿರ ಕೇಳಿಯೇ ಬೇಡವೆಂದೆ. ಅವನು, "ಸರಿ, ಶುಕ್ರವಾರ ರಜೆಯಲ್ಲಿ ನಾವೇ ಬರ್ತೇವೆ" ಎಂದಿದ್ದ. ನಿಶಾ ಎರಡು ವಾರ ನನ್ನ ಫೋನು ಎತ್ತಲಿಲ್ಲ. ಅದು ಈಗಲೂ ಚುಚ್ಚುತ್ತದೆ. ಆದರೆ ಆ ಬೆಳಗಿನ ನಿಮ್ಮ ಮುಖ ನೆನಪಾದರೆ, ಇನ್ನೊಮ್ಮೆ ಆರಿಸು ಎಂದರೂ ನಾನು ಅದನ್ನೇ ಆರಿಸುತ್ತೇನೆ.

ಶೆಫ್ ಉತ್ತರಕ್ಕೆ ಕಾಯುತ್ತಿದ್ದರು. "ಫ್ಯಾಮಿಲಿ ರೀಸನ್" ಎಂದೆ. ಅವರು ಹಾಗೆಯೇ ಬರೆದುಕೊಂಡರು. ನಾನು ಸುಳ್ಳು ಹೇಳಲಿಲ್ಲ ಬಾಪ್ಪು.

ನಿಮ್ಮ
ಸುಜಾತ