ಹಿಕರಿ ಬೀದಿಗೆ ಕೊನೆಯ ಸರದಿ

ಹಿಕರಿ ಬೀದಿ, ಪೋರ್ಟ್ ಅಲ್ಡೆನ್
ಜನವರಿ 4, 2012

ಪ್ರೀತಿಯ ಮಗಳು ವಾಂಡಾಗೆ,

ಹೇಗಿದ್ದೀಯಮ್ಮ? ಮಂಡಿನೋವು ಈಗ ವಾಸಿಯೇ? ನಿನ್ನ ಕಾಗದ ಬಂದು ಮೂರು ವಾರವಾಯಿತು. ಜವಾಬು ಬರೆಯಲಿಲ್ಲವೆಂದು ಈ ಮುದುಕನನ್ನು ಎಷ್ಟು ಬೈದುಕೊಂಡೆಯೋ. ಕಚೇರಿ ಖಾಲಿ ಮಾಡುವ ಗಡಿಬಿಡಿ ಎಂದು ಹೇಳಬಹುದಿತ್ತು. ಇಪ್ಪತ್ತೆಂಟು ವರ್ಷ ಮೇಯರ್ ಆಗಿದ್ದವನಿಗೆ ನೆಪಗಳಿಗೇನು ಬರ? ಆದರೆ ನಿಜ ಸಂಗತಿ ಅದಲ್ಲ. ನಿನ್ನ ಕಾಗದ ಓದಿ ನನಗೆ ನಾಚಿಕೆಯಾಯಿತು. ಮಡಿಸಿ ಮೇಜಿನ ಖಾನೆಯಲ್ಲಿಟ್ಟೆ. ಮಾರನೆಯ ದಿನ ತೆಗೆದು ಮತ್ತೆ ಓದಿದೆ, ಮತ್ತೆ ಒಳಗಿಟ್ಟೆ.

ಹದಿನಾಲ್ಕನೆಯ ತಾರೀಕು ಶನಿವಾರ ಚರ್ಚಿನ ಹಾಲಿನಲ್ಲಿ ನನಗೆ ಬೀಳ್ಕೊಡುಗೆ ಊಟ. ಹಿಮ ತೆಗೆಯುವ ಲಾರಿಗಳನ್ನು ನಿಲ್ಲಿಸಲು ಕಟ್ಟಿದ ಹೊಸ ಶೆಡ್ಡಿಗೆ ನನ್ನ ಹೆಸರಂತೆ. ನೀನು ಟೊಲೀಡೋದಿಂದ ಬಂದು ಭಾಷಣ ಮಾಡುತ್ತೇನೆ ಎಂದು ಬರೆದಿದ್ದೀಯ. "ಅರವತ್ಮೂರು ವರ್ಷದ ಮೇಯರು ನಮ್ಮಪ್ಪನ್ನ ಹಿಮದಲ್ಲಿ ಜಾರುಬಂಡಿ ಮೇಲೆ ಮಲಗ್ಸಿ ಎಳ್ಕೊಂಡು ಹೋದ್ದನ್ನ ಹೇಳ್ತೀನಿ ಮಾಮ, ಇಡೀ ಹಾಲು ಕಣ್ಣೀರು ಹಾಕ್ಬೇಕು, ನೋಡ್ತಿರಿ" ಅಂತ. ಅದನ್ನು ಹೇಳಬೇಡ ಮಗಳೇ. ಮೊದಲು ಈ ಕಾಗದ ಓದು. ಶನಿವಾರ ಬರುವುದೋ ಬಿಡುವುದೋ ಆಮೇಲೆ ನೀನೇ ತೀರ್ಮಾನಿಸು.

ನಿನ್ನ ಅಮ್ಮ ಯಾದ್ವಿಗಾ ಗಟ್ಟಿಯಾಗಿದ್ದಾಳೆ. ನೀನು ಫ್ಲೂ ಜ್ವರವೆಂದು ಕ್ರಿಸ್‌ಮಸ್ ಹಿಂದಿನ ಸಂಜೆಯ ಊಟಕ್ಕೆ ಬರಲಿಲ್ಲ, ಆದರೂ ಅವಳು ಹನ್ನೆರಡು ಬಗೆ ಅಡುಗೆಯಲ್ಲಿ ಒಂದನ್ನೂ ಕಡಿಮೆ ಮಾಡಲಿಲ್ಲ. ಕರೆಯದೆ ಬರುವ ಅತಿಥಿಗೆಂದು ನಮ್ಮ ಪೋಲಿಷ್ ಮನೆಗಳಲ್ಲಿ ಒಂದು ತಟ್ಟೆ ಹೆಚ್ಚಿಗೆ ಇಡುತ್ತೇವಲ್ಲ, ನನ್ನ ಹೆಂಡತಿ ರೀಟಾ ತೀರಿಕೊಂಡ ಮೇಲೆ ಆ ತಟ್ಟೆಯ ಮುಂದೆ ಕೂರುತ್ತಿರುವವನು ನಾನೇ. "ಕರೀದೆ ಬರೋರಿಗೆ ಇಟ್ಟ ತಟ್ಟೆ ಇದು. ಮೂರು ಸಲ ಕೂಗಿದ್ರೂ ಬರದ ಅತಿಥಿ ಅಂದ್ರೆ ನೀನೊಬ್ಬನೇ ನೋಡು" ಎಂದು ಅವಳು ಗೊಣಗಿದಳು. ಈ ಸಲ ಮೀನನ್ನು ತಟ್ಟೆಯಲ್ಲೇ ಬಿಟ್ಟೆ. "ಯಾಕೋ ಝಿಗ್ಗಿ, ಉಪ್ಪು ಜಾಸ್ತಿ ಆಯ್ತಾ? ಇಲ್ಲಾ ಕುರ್ಚಿ ಹೋಯ್ತಲ್ಲ ಅಂತ ಉಪವಾಸನಾ?" ಎಂದಳು. ಹಲ್ಲುನೋವು ಎಂದು ಹೇಳಿ ಎದ್ದು ಬಂದೆ. ಅವಳ ಮನೆಗೂ ನನ್ನ ಮನೆಗೂ ನಡುವೆ ಒಂದು ಬೀದಿಯಷ್ಟೇ ಅಗಲ, ಅಷ್ಟನ್ನು ದಾಟುವಾಗ ಯಾರೋ ಬೆನ್ನ ಹಿಂದೆ ನಿಂತು ನೋಡುತ್ತಿದ್ದಾರೆ ಅನ್ನಿಸಿತು.

ನಾನು ಗೆದ್ದದ್ದೇ ಹಿಮದಿಂದ, ಅದು ನಿನಗೆ ಗೊತ್ತು. ನನಗಿಂತ ಹಿಂದಿನ ಮೇಯರ್ ಒಂದು ಚಳಿಗಾಲದಲ್ಲಿ ತನ್ನ ಬೀದಿಯ ಹಿಮವನ್ನು ಮೊದಲು ತೆಗೆಸಿಕೊಂಡ. ಊರೆಲ್ಲ ಸೊಂಟದವರೆಗೆ ಹಿಮದಲ್ಲಿ ಹೂತಿದ್ದಾಗ ಅವನ ಮನೆ ಮುಂದೆ ಮಾತ್ರ ಕರಿ ರಸ್ತೆ ಕಾಣುತ್ತಿತ್ತು. ನಾನಾಗ ಉಕ್ಕಿನ ಕಾರ್ಖಾನೆಯಲ್ಲಿ ನಿನ್ನ ಅಪ್ಪ ಲುದ್ವಿಕ್‌ನ ಜೊತೆ ಕ್ರೇನ್ ಮೇಲಿದ್ದೆ. ಗೇಟಿನ ಮುಂದೆ ಬಿಯರ್ ಪೆಟ್ಟಿಗೆಯ ಮೇಲೆ ಹತ್ತಿ ಕೂಗಿದೆ: "ನನ್ನನ್ನ ಗೆಲ್ಸಿ, ಹಿಮದ ಲಾರಿ ನನ್ನ ಬೀದಿಗೆ ಕಟ್ಟಕಡೇಗೆ ಬರುತ್ತೆ!" ನನ್ನ ಪ್ರಣಾಳಿಕೆಯಲ್ಲಿ ಇದ್ದದ್ದು ಅಷ್ಟೇ. ಜನ ಗೆಲ್ಲಿಸಿದರು. ಕೊಟ್ಟ ಮಾತಿನಂತೆ ನಡೆದೆ ಕೂಡ. ಪ್ರತಿ ವರ್ಷ ಮೊದಲ ದೊಡ್ಡ ಹಿಮ ಬಿದ್ದಾಗ ಪತ್ರಿಕೆಯವರು ಬಂದು, ಮೇಯರ್ ಸಲಿಕೆ ಹಿಡಿದು ತನ್ನ ಬಾಗಿಲ ಹಿಮ ತಾನೇ ಎತ್ತುತ್ತಿರುವ ಫೋಟೋ ತೆಗೆದುಕೊಂಡು ಹೋಗುತ್ತಿದ್ದರು. ಆ ಫೋಟೋಗೆಂದೇ ನಾನೊಂದು ಕೆಂಪು ಟೋಪಿ ಇಟ್ಟುಕೊಂಡಿದ್ದೆ. ನಗಬೇಡ.

ಹಿಕರಿ ಬೀದಿಯಲ್ಲಿ ನಲವತ್ತಮೂರು ಮನೆಗಳಿವೆ. ಅವುಗಳಲ್ಲಿ ಒಂದು ಮನೆಯನ್ನಾದರೂ ನಾನು ಕೇಳಿದೆನೇ? ಕೀರ್ತಿ ನನಗೆ, ಕಷ್ಟ ಬೀದಿಗೆ. ಮುದುಕಿಯರು ಹಾಲು, ಬ್ರೆಡ್ಡು ಹೊತ್ತುಕೊಂಡು ಹಿಮದಲ್ಲಿ ಕಾಲು ಕಿತ್ತಿಡುತ್ತಾ ಬರುತ್ತಿದ್ದರು, ನನ್ನನ್ನು ಕಂಡು ಕೈ ಬೀಸುತ್ತಿದ್ದರು. ಮುಖದ ಮೇಲೆ ಕೇಳಿದವನು ನಿನ್ನ ಅಪ್ಪನೊಬ್ಬನೇ. "ಲೋ ಝಿಗ್ಗಿ, ವೋಟು ನಿಂಗೆ, ಸೊಂಟನೋವು ನಮ್ಗಾ? ನಾವೇನು ಪಾಪ ಮಾಡಿದ್ವೋ, ನಿನ್ನ ಎದುರಿಗೆ ಮನೆ ಕೊಂಡಿದ್ದು ಬಿಟ್ರೆ?" ಎಂದ. ನಾನು ನಕ್ಕೆ, ಅವನೂ ನಕ್ಕ. ಅವನು ನಕ್ಕನಲ್ಲ ಎಂದು ನಾನು ಆ ಮಾತನ್ನು ಅಲ್ಲಿಗೇ ಬಿಟ್ಟೆ.

ಆಮೇಲೆ ತೊಂಬತ್ತೊಂಬತ್ತನೆಯ ಇಸವಿಯ ಜನವರಿ. ಸರೋವರದ ಕಡೆಯಿಂದ ಎರಡು ದಿನ ಬಿಡದೆ ಹಿಮ ಸುರಿಯಿತು. ಬೆಳಿಗ್ಗೆ ಲುದ್ವಿಕ್‌ಗೆ ಎದೆನೋವು ಬಂತು. ನಮ್ಮ ಬೀದಿಯ ಸರದಿ ಇನ್ನೂ ಬಂದಿರಲಿಲ್ಲ, ಆಂಬ್ಯುಲೆನ್ಸ್ ಮೂಲೆಯಲ್ಲೇ ನಿಂತಿತು. ನಾನೂ ಪಕ್ಕದ ಮನೆಯ ಇಬ್ಬರೂ ಸೇರಿ ಅವನನ್ನು ಜಾರುಬಂಡಿಯ ಮೇಲೆ ಮಲಗಿಸಿ ಎಳೆದೆವು. ಮೂಲೆ ಮುಟ್ಟಲು ಮೂವತ್ತೈದು ನಿಮಿಷ ಹಿಡಿಯಿತು. ಆಂಬ್ಯುಲೆನ್ಸಿಗೆ ಹತ್ತಿಸುವಷ್ಟರಲ್ಲಿ ಉಸಿರು ನಿಂತಿತ್ತು. ನೀನು ಇದನ್ನೆಲ್ಲ ಕೇಳಿದ್ದೀಯ. ಮಣ್ಣಾದ ದಿನ ನನ್ನ ಕೈ ಹಿಡಿದುಕೊಂಡು, "ನಿಯಮ ಅಂದ್ರೆ ನಿಯಮ ಮಾಮ. ನಿಮ್ಗೂ ನೀವು ವಿನಾಯ್ತಿ ಕೊಟ್ಕೊಳ್ಳಲಿಲ್ಲ. ನಿಮ್ದೇನೂ ತಪ್ಪಿಲ್ಲ" ಎಂದೆ. ನಾನು ತಲೆ ತಗ್ಗಿಸಿದೆ. ದುಃಖಕ್ಕೆ ಎಂದುಕೊಂಡೆ ನೀನು.

ನಿನಗೆ ಗೊತ್ತಿಲ್ಲದ ಒಂದು ಮಾತು ಹೇಳುತ್ತೇನೆ. ಮೇಯರ್ ಜಾರುಬಂಡಿ ಎಳೆಯುತ್ತಿದ್ದ ಫೋಟೋ ಮಾರನೆಯ ದಿನ ಪತ್ರಿಕೆಯ ಮೊದಲ ಪುಟದಲ್ಲಿ ಬಂತು. ನವೆಂಬರಿನಲ್ಲಿ ಚುನಾವಣೆ. ನಮ್ಮ ಹುಡುಗರು ಅದನ್ನೇ ಕರಪತ್ರಕ್ಕೆ ಹಾಕಿದರು. ಲುದ್ವಿಕ್‌ನ ಮುಖ ಕಾಣದ ಹಾಗೆ ಕತ್ತರಿಸಿದ್ದರು, ನನ್ನ ಬೆನ್ನು ಮತ್ತು ಹಗ್ಗ ಮಾತ್ರ. ನಾನು ಬೇಡ ಎನ್ನಲಿಲ್ಲ. ಆ ಸಲ ಬಂದಷ್ಟು ವೋಟು ಇನ್ಯಾವ ಸಲವೂ ಬರಲಿಲ್ಲ. ಬೀದಿಯಲ್ಲಿ ಜನ ಬೆನ್ನು ತಟ್ಟಿದಾಗಲೆಲ್ಲ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಮುಂದಿನ ಚಳಿಗಾಲ ಬಂದ ಕೂಡಲೇ ಸರದಿಯ ಪದ್ಧತಿಯನ್ನೇ ಎತ್ತಿಹಾಕಿದೆ, ಅದಕ್ಕೂ ಚಪ್ಪಾಳೆ ಬಿತ್ತು.

ಇನ್ನು ಸಾಕು. ಬೆನ್ನು ನೋಯುತ್ತಿದೆ, ಅಕ್ಷರವೂ ಸೊಟ್ಟಗಾಗುತ್ತಿದೆ. ನಿನ್ನ ಗಂಡನಿಗೆ ನನ್ನ ನೆನಪು ಹೇಳು. ನಿನ್ನ ತರಗತಿಯ ಮಕ್ಕಳು ನಿನ್ನನ್ನು ಹೆಚ್ಚು ಗೋಳುಹೊಯ್ದುಕೊಳ್ಳದಿರಲಿ. ದೇವರು ನಿನ್ನ ಮನೆಯನ್ನು ತಣ್ಣಗಿಟ್ಟಿರಲಿ, ನಿನಗೆ ನೂರು ವರ್ಷ ಆಯಸ್ಸು ಕೊಡಲಿ. ಚರ್ಚಿನಲ್ಲಿ ಜ್ಞಾನಸ್ನಾನದ ದಿನ ಧರ್ಮಪಿತನಾಗಿ ನಿನ್ನನ್ನು ಎತ್ತಿಕೊಂಡಿದ್ದವನಿಗೆ ಇಷ್ಟು ಹರಸುವ ಹಕ್ಕಾದರೂ ಉಳಿದಿದೆ ಎಂದುಕೊಳ್ಳುತ್ತೇನೆ.

ನಿನ್ನ
ಝಿಗ್ಗಿ ಮಾಮ

ಇನ್ನೊಂದು ಮಾತು: ಸಹಿ ಹಾಕಿ, ಲಕೋಟೆಗೆ ಹಾಕಿ, ಮತ್ತೆ ಹೊರಗೆ ತೆಗೆದಿದ್ದೇನೆ. ಮೂರು ಪುಟ ಬರೆದರೂ ಹೇಳಬೇಕಾದದ್ದನ್ನು ಹೇಳಿಲ್ಲ. ಎಷ್ಟೆಂದರೂ ರಾಜಕಾರಣಿ.

ಆ ಬೆಳಿಗ್ಗೆ ನಿನ್ನ ಅಮ್ಮ ನಮ್ಮ ಬಾಗಿಲಿಗೆ ಬಂದು ಲುದ್ವಿಕ್‌ನ ವಿಷಯ ಹೇಳಿ ಹೋದಳು. ನಾನು ಬೂಟು ಹಾಕಿಕೊಳ್ಳುತ್ತಿದ್ದೆ, ಫೋನು ಬಂತು. ಹಿಮದ ಲಾರಿಗಳನ್ನು ನೋಡಿಕೊಳ್ಳುತ್ತಿದ್ದ ಕಿನ್ನಿ. "ಸಾರ್, ನಿಮ್ಮ ಬೀದೀಗೆ ಆಂಬ್ಯುಲೆನ್ಸ್ ಬರ್ತಿದೆಯಂತೆ. ನಮ್ಮ ಲಾರಿ ನಿಮ್ಮ ಮೂಲೇಲೇ ಇದೆ. ಒಳಗೆ ಬಿಡ್ಲಾ? ಐದು ನಿಮಿಷದ ಕೆಲಸ" ಎಂದ. ಪತ್ರಿಕೆಯ ಫೋಟೋಗ್ರಾಫರ್ ಮೂಲೆಯಿಂದ ನಡೆದುಕೊಂಡು ಬಂದು ನಮ್ಮ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಿದ್ದ, ಆ ವರ್ಷದ ಸಲಿಕೆ ಫೋಟೋಗೆ. ಅವನಿಗೆ ಕೇಳಿಸುವಷ್ಟು ಜೋರಾಗಿ ಹೇಳಿದೆ: "ಬೇರೆ ಬೀದಿಗಳು ಇನ್ನೂ ಬಾಕಿ ಇವೆಯಲ್ಲಪ್ಪ? ನಮ್ದು ಕಡೇಗೇ. ಇಲ್ಲೇ ಮೂಲೆ, ನಾವೇ ಎಳ್ಕೊಂಡು ಬರ್ತೀವಿ." "ಸಾರ್, ಇದಕ್ಕೆ ಯಾರೂ ಏನೂ ಅನ್ಕೊಳಲ್ಲ" ಎಂದ ಕಿನ್ನಿ. ನಾನು ಫೋನು ಇಟ್ಟೆ.

ಕಿನ್ನಿ ಹೋದ ವರ್ಷ ತೀರಿಕೊಂಡ. ಫೋಟೋಗ್ರಾಫರ್‌ಗೆ ಕೇಳಿಸಿದ್ದು ನನ್ನ ಮಾತಷ್ಟೇ, ಕಿನ್ನಿ ಏನು ಕೇಳಿದನೆಂದು ಅವನಿಗೆ ತಿಳಿಯಲಿಲ್ಲ. ಈಗ ಇದು ಗೊತ್ತಿರುವವನು ನಾನೊಬ್ಬನೇ, ಇದನ್ನು ಓದಿದ ಮೇಲೆ ನೀನು. ಯಾದ್ವಿಗಾಗೆ ನಾನೇ ಹೇಳಬೇಕು. ನಾಳೆ ಬೆಳಿಗ್ಗೆ ಇದನ್ನು ಅಂಚೆಗೆ ಹಾಕಿ, ಅಲ್ಲಿಂದ ನೇರ ಅವಳ ಮನೆಗೆ ಹೋಗುತ್ತೇನೆ. ಶನಿವಾರ ನೀನು ಬಂದರೆ ಜಾರುಬಂಡಿಯ ಕತೆಯ ಬದಲು ಈ ಪುಟ ಓದು. ಬರದಿದ್ದರೆ ನಾನೇ ಓದುತ್ತೇನೆ.

ಅರ್ಧ ದಾರಿಯಲ್ಲಿ ಲುದ್ವಿಕ್ ತಲೆ ಎತ್ತಿದ. ಮೂಲೆಯಲ್ಲಿ ಲಾರಿಯ ಹಳದಿ ದೀಪ ಬೇರೆ ಬೀದಿಯ ಕಡೆಗೆ ತಿರುಗುತ್ತಿತ್ತು. "ಝಿಗ್ಗಿ, ಅದು ನಮ್ಮ ಕಡೆ ಬರ್ತಿದ್ಯೇನೋ?" ಎಂದ. "ಬರ್ತಿದೆ ಲುದ್ವಿಕ್, ಬಂದೇ ಬಿಡ್ತು" ಎಂದೆ. ಅವನು ನಂಬಿ ತಲೆ ಕೆಳಗಿಟ್ಟ.